ಸೆಕೆಂಡ್ ಹ್ಯಾಂಡ್ ಫೋರ್ಡ್: ಯಾವುದನ್ನು ತಗೋಬಹುದು, ಯಾವುದನ್ನು ಬಿಡಬೇಕು

ಹೋದ ತಿಂಗಳು ಚಿಕ್ಕಪ್ಪನ ಮಗ ಶಿವಮೊಗ್ಗದಿಂದ ಫೋನ್ ಮಾಡಿದ್ದ. "ಅಣ್ಣ, ಒಂದು ಇಕೋಸ್ಪೋರ್ಟ್ ನೋಡಿದೀನಿ. ಗಾಡಿ ನೀಟಾಗಿದೆ, ರೇಟೂ ಕಮ್ಮಿ. ಆದ್ರೆ ಕಂಪನಿನೇ ದೇಶ ಬಿಟ್ಟು ಹೋಗಿದೆ, ತಗೋಬೇಡ ಅಂತ ಎಲ್ಲರೂ ಹೇಳ್ತಿದಾರೆ. ಏನ್ ಮಾಡ್ಲಿ?" ನಾನು ಕೇಳಿದೆ, "ಯಾವ ಇಂಜಿನ್? ಯಾವ ಗೇರ್‌ಬಾಕ್ಸ್? ಯಾವ ವರ್ಷದ್ದು?" ಅವನಿಗೆ ಗೊತ್ತಿದ್ದದ್ದು ಇಷ್ಟೇ: ಬಿಳಿ ಬಣ್ಣ, ಒಬ್ಬರೇ ಓನರ್, ಟೈರ್ ಹೊಸದು.

ಇವನೊಬ್ಬನೇ ಅಲ್ಲ. ಫೋರ್ಡ್ ತಗೋಬಹುದಾ ಅಂತ ಕೇಳುವ ಹೆಚ್ಚಿನವರು ಹೀಗೇ ಕೇಳುತ್ತಾರೆ. ಫೋರ್ಡ್ ಅಂದರೆ ಒಂದು ಗಾಡಿ ಅಂದುಕೊಂಡಿರುತ್ತಾರೆ. ಆದರೆ ಒಂದೇ ಇಕೋಸ್ಪೋರ್ಟ್ ಬಾಡಿಯೊಳಗೆ ನಮ್ಮ ದೇಶದಲ್ಲಿ ನಾಲ್ಕು ಬಗೆಯ ಇಂಜಿನ್ ಬಂದಿವೆ, ಎರಡು ಬಗೆಯ ಆಟೋಮ್ಯಾಟಿಕ್ ಬಂದಿವೆ. ಅವುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ತಗೊಳ್ಳಿ ಅಂತ ನಾನು ಹೇಳುತ್ತೇನೆ. ಇನ್ನೊಂದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ ಅನ್ನುತ್ತೇನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹತ್ತಿರ 2016ರ ಇಕೋಸ್ಪೋರ್ಟ್ ಡೀಸೆಲ್ ಇದೆ, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಅದಕ್ಕೂ ಮುಂಚೆ ನಮ್ಮ ಮನೆತನದಲ್ಲಿ ಒಂದು ಐಕಾನ್ ಇತ್ತು. ಈ ಗಾಡಿಗಳ ಮೇಲೆ ನನಗೆ ಪ್ರೀತಿ ಇದೆ. ಹಾಗಂತ ಎಲ್ಲ ಫೋರ್ಡ್‌ಗಳನ್ನೂ ಒಳ್ಳೆಯದು ಅಂದುಬಿಡಲಾರೆ.

ಮೊದಲು ಸ್ವಲ್ಪ ಹಳೆಯ ಕಥೆ

ಹೆನ್ರಿ ಫೋರ್ಡ್ 1903ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ಶುರು ಮಾಡಿದರು. 1908ರಲ್ಲಿ ಮಾಡೆಲ್ ಟಿ ಬಂತು. 1927ರಲ್ಲಿ ನಿಲ್ಲಿಸುವಷ್ಟರಲ್ಲಿ ಒಂದೂವರೆ ಕೋಟಿ ಗಾಡಿ ತಯಾರಾಗಿದ್ದವು. ಅಷ್ಟು ಜನ ಅದನ್ನು ಕೊಂಡದ್ದು ಬೆಲೆ ಕಮ್ಮಿ ಅಂತ ಮಾತ್ರ ಅಲ್ಲ. ಅಮೆರಿಕದ ಹಳ್ಳಿಯ ರೈತ ತನ್ನ ಕೊಟ್ಟಿಗೆಯಲ್ಲೇ ಅದನ್ನು ಬಿಚ್ಚಿ ರಿಪೇರಿ ಮಾಡಿಕೊಳ್ಳಬಹುದಿತ್ತು. ಹತ್ತಿರದ ಕಮ್ಮಾರನಿಗೂ ಅದು ಅರ್ಥವಾಗುತ್ತಿತ್ತು. ಈ ಒಂದು ವಿಷಯವನ್ನು ನೆನಪಿಟ್ಟುಕೊಳ್ಳಿ. ಇವತ್ತು ಸೆಕೆಂಡ್ ಹ್ಯಾಂಡ್ ಫೋರ್ಡ್ ಆರಿಸುವಾಗ ನನ್ನ ಅಳತೆಗೋಲು ಇದೇ: ನಿಮ್ಮ ಊರಿನ ಮೆಕ್ಯಾನಿಕ್ ಕೈಗೆ ಈ ಗಾಡಿ ಸಿಗುತ್ತದಾ?

ನಮ್ಮ ದೇಶಕ್ಕೆ ಫೋರ್ಡ್ ಮೊದಲು ಬಂದದ್ದು 1926ರಲ್ಲಿ, ಕೆನಡಾದ ಫೋರ್ಡ್ ಕಂಪನಿಯ ಅಂಗಸಂಸ್ಥೆಯಾಗಿ. 1950ರ ದಶಕದಲ್ಲಿ ಅಂಗಡಿ ಮುಚ್ಚಿತು. ಆಮೇಲೆ ನಾಲ್ಕು ದಶಕ ಇಲ್ಲಿ ಅವರ ಕಾರು ತಯಾರಾಗಲಿಲ್ಲ. 1995ರಲ್ಲಿ ಮಹೀಂದ್ರಾ ಜೊತೆ ಸೇರಿ ಮತ್ತೆ ಬಂದರು. ಚೆನ್ನೈ ಪಕ್ಕದ ಮರೈಮಲೈ ನಗರದಲ್ಲಿ ಪ್ಲಾಂಟ್ ಹಾಕಿದರು. ಮೊದಲು ಎಸ್ಕಾರ್ಟ್, 1999ರಲ್ಲಿ ಐಕಾನ್. "ಜೋಶ್ ಮೆಷೀನ್" ಅಂತ ಟಿವಿಯಲ್ಲಿ ಜಾಹೀರಾತು ಬರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಚಿಕ್ಕಪ್ಪನ ಐಕಾನ್‌ನಲ್ಲಿ ನಾವು ಎಂಟು ಜನ ಮಕ್ಕಳು ಒತ್ತಿಕೊಂಡು ಕೂತು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು. ಆ ತಿರುವುಗಳಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದಾಗ ಕೈಗೆ ಸಿಗುವ ಆ ಭರವಸೆ ಆಮೇಲೆ ಬಂದ ಫಿಯೆಸ್ಟಾದಲ್ಲೂ ಇತ್ತು, ಫಿಗೋದಲ್ಲೂ ಇತ್ತು.

2010ರಲ್ಲಿ 3.49 ಲಕ್ಷದ ಶುರುವಿನ ಬೆಲೆಗೆ ಫಿಗೋ ಬಂತು. ಆಮೇಲೆ 2013ರಲ್ಲಿ ಇಕೋಸ್ಪೋರ್ಟ್. ನಾಲ್ಕು ಮೀಟರ್ ಒಳಗಿನ ಎಸ್‌ಯುವಿಗೆ ನಮ್ಮಲ್ಲಿ ನಿಜವಾದ ಹುಚ್ಚು ಹಿಡಿಸಿದ್ದು ಆ ಗಾಡಿ. 5.59 ಲಕ್ಷದಿಂದ ಬೆಲೆ ಶುರುವಾಗಿತ್ತು, ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದರು. 2015ರಲ್ಲಿ ಗುಜರಾತಿನ ಸಾನಂದ್‌ನಲ್ಲಿ ಎರಡನೇ ಪ್ಲಾಂಟ್. ಅಲ್ಲಿಂದ ಹೊಸ ಫಿಗೋ, ಆಸ್ಪೈರ್, ಆಮೇಲೆ 2018ರಲ್ಲಿ ಫ್ರೀಸ್ಟೈಲ್ ಬಂದವು.

ಎರಡೂ ಪ್ಲಾಂಟ್ ಸೇರಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಕಾರು ತಯಾರಿಸಬಹುದಿತ್ತು. ಅಷ್ಟು ಕಾರು ಮಾರಾಟವಾಗುತ್ತಿರಲಿಲ್ಲ. ಮಹೀಂದ್ರಾ ಜೊತೆ ಮತ್ತೆ ಕೈಜೋಡಿಸುವ ಮಾತು 2019ರಲ್ಲಿ ಆಗಿ, 2020ರ ಕೊನೆಯ ದಿನ ಮುರಿದುಬಿತ್ತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟ ಅಂತ ಲೆಕ್ಕ ಕೊಟ್ಟಿತು. ಸುಮಾರು 4,000 ಜನರ ಕೆಲಸಕ್ಕೆ ಏಟು ಬಿತ್ತು. ಸಾನಂದ್ ಪ್ಲಾಂಟ್ ಈಗ ಟಾಟಾ ಕೈಯಲ್ಲಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಂಪನಿ ಹೋದದ್ದು ಗಾಡಿ ಕೆಟ್ಟದ್ದು ಅಂತ ಅಲ್ಲ, ವ್ಯಾಪಾರ ಕೈಗೆ ಹತ್ತಲಿಲ್ಲ ಅಂತ. ಎರಡೂ ಬೇರೆ ಬೇರೆ ವಿಷಯ. ಆದರೂ ಬೀದಿಯಲ್ಲಿ ಎರಡನ್ನೂ ಬೆರೆಸಿಯೇ ಮಾತಾಡುತ್ತಾರೆ, ಹಾಗಾಗಿ ಫೋರ್ಡ್‌ಗಳ ರೀಸೇಲ್ ಬೆಲೆ ಬಿದ್ದಿದೆ. ಕೊಳ್ಳುವವರಿಗೆ ಅದೇ ಲಾಭ, ಸರಿಯಾದದ್ದನ್ನು ಆರಿಸಿದರೆ ಮಾತ್ರ.

ಪಾರ್ಟ್ಸ್ ಸಿಗುತ್ತದಾ?

ಎಲ್ಲರ ಮೊದಲ ಭಯ ಇದೇ ಅಲ್ವಾ? ತಯಾರಿಕೆ ನಿಲ್ಲಿಸಿದರೂ ಸರ್ವಿಸ್ ಮತ್ತು ಪಾರ್ಟ್ಸ್ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಸರ್ವಿಸ್ ಸೆಂಟರ್‌ಗಳ ಸಂಖ್ಯೆ ಮೊದಲಿಗಿಂತ ಕಮ್ಮಿಯಾಗಿದೆ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಬೆಲ್ಟ್ ಇಂಥವಕ್ಕೆ ಯೋಚನೆ ಬೇಡ. ಇವನ್ನು ಕಾರು ಕಂಪನಿಗಳೇ ಹೊರಗಿನವರಿಂದ ಮಾಡಿಸುತ್ತವೆ, ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಬಾಡಿ ಭಾಗಗಳ ಕಥೆ ಬೇರೆ. ಬಂಪರ್, ಹೆಡ್‌ಲೈಟ್, ಬಾಗಿಲು, ವಿಂಡ್‌ಶೀಲ್ಡ್ ಇವಕ್ಕೆ ಕಾಯಬೇಕಾಗಬಹುದು. ಕಷ್ಟ ಆಗುವುದು ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳಿಗೆ. ಅವನ್ನು ತಂದರೂ ಗಾಡಿಗೆ ಹೊಂದಿಸಲು ಕಂಪ್ಯೂಟರ್ ಹಾಕಿ ಪ್ರೋಗ್ರಾಂ ಮಾಡಬೇಕು. ಆ ಸಾಫ್ಟ್‌ವೇರ್ ಇಟ್ಟುಕೊಂಡ ಸ್ವತಂತ್ರ ಗ್ಯಾರೇಜ್‌ಗಳು ಬೆಂಗಳೂರಿನಲ್ಲಿ ಇವೆ, ಸಣ್ಣ ಊರುಗಳಲ್ಲಿ ಹುಡುಕಬೇಕು.

ಹಾಗಾಗಿ ಲೆಕ್ಕ ಸುಲಭ. ಗಾಡಿಯಲ್ಲಿ ಕಂಪ್ಯೂಟರ್ ಮೇಲೆ ನಿಂತ ಸೂಕ್ಷ್ಮ ಭಾಗಗಳು ಎಷ್ಟು ಕಮ್ಮಿಯೋ ನಿಮ್ಮ ತಲೆನೋವೂ ಅಷ್ಟು ಕಮ್ಮಿ.

ಕಣ್ಣುಮುಚ್ಚಿ ಹೇಳಬಹುದಾದದ್ದು: 1.5 ಡೀಸೆಲ್, ಮ್ಯಾನುವಲ್

ಫೋರ್ಡ್‌ನವರು 1.5 ಟಿಡಿಸಿಐ ಅಂತ ಕರೆದ ಈ ಇಂಜಿನ್ 1498 ಸಿಸಿಯದ್ದು. ಫ್ರಾನ್ಸಿನ ಪೆಜೋ ಕಂಪನಿ ಜೊತೆ ಸೇರಿ ಫೋರ್ಡ್ ರೂಪಿಸಿದ ಡೀಸೆಲ್ ಕುಟುಂಬದ್ದು. ಇಕೋಸ್ಪೋರ್ಟ್‌ನಲ್ಲಿ ಮೊದಲು ಸುಮಾರು 90 ಪಿಎಸ್ (ಇಂಜಿನ್ ಶಕ್ತಿಯ ಅಳತೆ, ಹಾರ್ಸ್‌ಪವರ್ ಇದ್ದ ಹಾಗೆ) ಇತ್ತು, 2015ರ ನಂತರ 100 ಪಿಎಸ್ ಆಯಿತು. ಇದೇ ಇಂಜಿನ್ 2011ರ ಫಿಯೆಸ್ಟಾ, ಇಕೋಸ್ಪೋರ್ಟ್, ಹೊಸ ಫಿಗೋ, ಆಸ್ಪೈರ್, ಫ್ರೀಸ್ಟೈಲ್ ಐದರಲ್ಲೂ ಬಂದಿದೆ. ಅಷ್ಟು ಗಾಡಿಗಳಲ್ಲಿ ಇರುವ ಕಾರಣಕ್ಕೇ ಇದರ ಪಾರ್ಟ್ಸ್ ಸುಲಭವಾಗಿ ಸಿಗುತ್ತವೆ, ಇದನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳೂ ಜಾಸ್ತಿ.

ಓಡಿಸಿದವರು ಹೊಗಳುವುದು ಎರಡು ವಿಷಯಕ್ಕೆ. ಒಂದು ಮೈಲೇಜ್. ನನ್ನ ಗಾಡಿ ಹೈವೇಯಲ್ಲಿ 19ರ ಆಸುಪಾಸು, ಬೆಂಗಳೂರಿನ ಒಳಗೆ 14-15 ಕೊಡುತ್ತದೆ. ಇನ್ನೊಂದು ಎಳೆತ. ಐದು ಜನ, ಹಿಂದೆ ಲಗೇಜ್ ತುಂಬಿ ಆಗುಂಬೆ ಹತ್ತಿದರೂ ಉಸಿರು ಕಟ್ಟುವುದಿಲ್ಲ. ಫಿಗೋದಲ್ಲಿ ಇದೇ ಇಂಜಿನ್ ಹಾಕಿದಾಗ ಗಾಡಿ ಹಗುರ, ಹಾಗಾಗಿ ಇನ್ನೂ ಚುರುಕು. ಓಡಿಸುವ ಖುಷಿಗಾಗಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದು 2015ರ ನಂತರದ ಫಿಗೋ ಡೀಸೆಲ್ ಅನ್ನೇ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಟರ್ಬೋದಿಂದ ಗಾಳಿ ಹೋಗುವ ಹೋಸ್ ಸೀಳುವುದು ಹಲವರು ಹೇಳುವ ದೂರು. ಎಳೆತ ಇದ್ದಕ್ಕಿದ್ದ ಹಾಗೆ ಕಮ್ಮಿಯಾಗುತ್ತದೆ, ಕಪ್ಪು ಹೊಗೆ ಬರುತ್ತದೆ, ಬಾನೆಟ್ ಕೆಳಗೆ ಸುಸ್ ಅನ್ನುವ ಸದ್ದು ಕೇಳುತ್ತದೆ. ಇದು ಸಣ್ಣ ರಿಪೇರಿ. ಬರೀ ಪೇಟೆಯೊಳಗೆ ಓಡಿದ ಗಾಡಿಗಳಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ ಒಳಗೆ ಕಳಿಸುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟುತ್ತದೆ, ಬಿಚ್ಚಿ ಕ್ಲೀನ್ ಮಾಡಿಸಬೇಕು. ಮುಂದಿನ ಸಸ್ಪೆನ್ಷನ್ ಬುಷ್‌ಗಳು ನಮ್ಮ ರಸ್ತೆಗಳಿಗೆ ಸೋತು ಟಕಟಕ ಅನ್ನುತ್ತವೆ. ಇವೆಲ್ಲ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಗುವ ಕೆಲಸ.

ಒಂದನ್ನು ಮಾತ್ರ ಮರೆಯಬೇಡಿ. ಈ ಇಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, ಚೈನ್ ಅಲ್ಲ. ಕೆಳಗಿನ ಕ್ರ್ಯಾಂಕ್, ಮೇಲಿನ ಕ್ಯಾಮ್ ಎರಡೂ ತಾಳ ತಪ್ಪದೆ ತಿರುಗುವ ಹಾಗೆ ನೋಡಿಕೊಳ್ಳುವ ರಬ್ಬರ್ ಬೆಲ್ಟ್ ಅದು. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ ಒಳಗೇ ಹಾಳಾಗುತ್ತದೆ. ನೀವು ನೋಡುತ್ತಿರುವ ಗಾಡಿಗೆ ಹತ್ತು ವರ್ಷ ಆಗಿದೆ, ಬೆಲ್ಟ್ ಬದಲಿಸಿದ ಬಿಲ್ ಇಲ್ಲ ಅಂದರೆ ಕಿಲೋಮೀಟರ್ ಎಷ್ಟೇ ಇರಲಿ, ಕೊಂಡ ವಾರದಲ್ಲೇ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿ. ಆ ಖರ್ಚನ್ನು ಚೌಕಾಸಿಯಲ್ಲಿ ಮೊದಲೇ ಕಳೆಯಿರಿ.

2020ರ ಏಪ್ರಿಲ್‌ನಿಂದ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಆಮೇಲಿನ ಡೀಸೆಲ್‌ಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಗಾಡಿ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ದಿನಕ್ಕೆ ಎಂಟು ಕಿಲೋಮೀಟರ್ ಆಫೀಸಿಗೆ ಹೋಗಿ ಬರುವವರು ಬಿಎಸ್-6 ಡೀಸೆಲ್ ತಗೊಳ್ಳಬೇಡಿ. ಊರೂರು ತಿರುಗುವವರು ಧಾರಾಳವಾಗಿ ತಗೊಳ್ಳಿ.

ಬಿಡಬೇಕಾದದ್ದು: ಪವರ್‌ಶಿಫ್ಟ್ ಆಟೋಮ್ಯಾಟಿಕ್

2011ರ ಫಿಯೆಸ್ಟಾ, 2013ರಿಂದ 2017ರವರೆಗಿನ ಇಕೋಸ್ಪೋರ್ಟ್ 1.5 ಪೆಟ್ರೋಲ್, 2015ರ ಫಿಗೋ ಮತ್ತು ಆಸ್ಪೈರ್ 1.5 ಪೆಟ್ರೋಲ್. ಈ ಗಾಡಿಗಳ ಆಟೋಮ್ಯಾಟಿಕ್‌ನಲ್ಲಿ ಇದ್ದದ್ದು ಆರು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಫೋರ್ಡ್ ಇದಕ್ಕೆ ಪವರ್‌ಶಿಫ್ಟ್ ಅಂತ ಹೆಸರಿಟ್ಟಿತ್ತು.

ಇದರ ಕೆಲಸ ಹೇಗೆ ಅಂದರೆ, ಮ್ಯಾನುವಲ್ ಗಾಡಿಯಲ್ಲಿ ಇರುವಂಥದ್ದೇ ಒಣ ಕ್ಲಚ್, ಆದರೆ ಎರಡು. ಒಂದು 1, 3, 5ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6. ಕಾಲಿನ ಬದಲು ಕಂಪ್ಯೂಟರ್ ಅವನ್ನು ಒತ್ತುತ್ತದೆ, ಬಿಡುತ್ತದೆ. ಖಾಲಿ ರಸ್ತೆಯಲ್ಲಿ ಬೆಣ್ಣೆಯಂತೆ ಗೇರ್ ಬದಲಾಗುತ್ತದೆ. ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅಂಗುಲ ಅಂಗುಲ ಮುಂದೆ ಹೋಗುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಆಗಿದ್ದರೆ ಬಿಸಿ ಹೊರಗೆ ಹೋಗುತ್ತಿತ್ತು. ಇದು ಒಣಗಿದ್ದು, ಬಿಸಿ ಅಲ್ಲೇ ಉಳಿಯುತ್ತದೆ. ನಿಧಾನಕ್ಕೆ ಗಾಡಿ ನಡುಗಲು ಶುರುವಾಗುತ್ತದೆ. ಗೇರ್‌ಬಾಕ್ಸ್ ನಡೆಸುವ ಮಾಡ್ಯೂಲ್ ಕೆಟ್ಟರಂತೂ ಗಾಡಿ ನಿಂತ ಜಾಗದಿಂದ ಕದಲುವುದಿಲ್ಲ.

ಇದು ನಮ್ಮೂರಿನ ದೂರು ಮಾತ್ರ ಅಲ್ಲ. ಅಮೆರಿಕದಲ್ಲಿ ಇದೇ ಗೇರ್‌ಬಾಕ್ಸ್ ಇದ್ದ 2012-16ರ ಫೋಕಸ್ ಮತ್ತು 2011-16ರ ಫಿಯೆಸ್ಟಾ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. 2020ರಲ್ಲಿ ರಾಜಿ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಈ ಗೇರ್‌ಬಾಕ್ಸ್ ಬಗ್ಗೆ ಬಂದ ದೂರುಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಕಂಪನಿ ಗಟ್ಟಿಯಾಗಿ ನಿಂತಿರುವ ದೇಶಗಳಲ್ಲೇ ಜನ ಅಷ್ಟು ಒದ್ದಾಡಿದರು. ಇಲ್ಲಿ, ಈಗ, ವಾರಂಟಿ ಇಲ್ಲದ ಹತ್ತು ವರ್ಷದ ಗಾಡಿಯಲ್ಲಿ ಆ ಭಾರ ಪೂರ್ತಿ ನಿಮ್ಮ ತಲೆ ಮೇಲೆ. ಇದರಲ್ಲಿ ಅದೃಷ್ಟ ನೋಡುವುದು ಬೇಡ.

ಆಟೋಮ್ಯಾಟಿಕ್ಕೇ ಬೇಕು ಅಂದರೆ ದಾರಿ ಇದೆ. 2017ರ ನವೆಂಬರ್‌ನಲ್ಲಿ ಬಂದ ಹೊಸ ಮುಖದ ಇಕೋಸ್ಪೋರ್ಟ್ ಪೆಟ್ರೋಲ್‌ಗೆ ಫೋರ್ಡ್ ಆ ಗೇರ್‌ಬಾಕ್ಸ್ ತೆಗೆದು ಆರು ಗೇರಿನ ಟಾರ್ಕ್ ಕನ್ವರ್ಟರ್ ಹಾಕಿತು. ಇದು ಒಣ ಕ್ಲಚ್ ಬದಲು ಆಯಿಲ್ ಮೂಲಕ ಎಳೆತ ದಾಟಿಸುವ ಹಳೇ ಕಾಲದ, ಗಟ್ಟಿಯಾದ ವಿಧಾನ. ಗೇರ್ ಸ್ವಲ್ಪ ನಿಧಾನ, ಮೈಲೇಜ್ ಸ್ವಲ್ಪ ಕಮ್ಮಿ, ಆದರೆ ಟ್ರಾಫಿಕ್‌ಗೆ ಹೆದರುವುದಿಲ್ಲ. 2021ರಲ್ಲಿ ಬಂದ ಫಿಗೋ 1.2 ಆಟೋಮ್ಯಾಟಿಕ್‌ನಲ್ಲೂ ಇದೇ ಬಗೆ. ಅದು ಬಂದ ಕೆಲವೇ ವಾರಗಳಲ್ಲಿ ಕಂಪನಿ ಬಾಗಿಲು ಹಾಕಿತು, ಹಾಗಾಗಿ ಅಪರೂಪ.

ಬಿಲ್ ನೋಡಿ ನಿರ್ಧರಿಸಬೇಕಾದದ್ದು: ಮೂರು ಸಿಲಿಂಡರ್ ಪೆಟ್ರೋಲ್‌ಗಳು

ಮಾರುವವರು ಹೇಳದ ವಿಷಯ ಇಲ್ಲಿದೆ. 1.0 ಇಕೋಬೂಸ್ಟ್ ಮತ್ತು ಡ್ರಾಗನ್ ಅಂತ ಕರೆಯುವ 1.2, 1.5 ಪೆಟ್ರೋಲ್ ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇಂಜಿನ್ ಆಯಿಲ್‌ನಲ್ಲೇ ನೆನೆಯುತ್ತಾ ಓಡುತ್ತದೆ. ಮೆಕ್ಯಾನಿಕ್‌ಗಳು ವೆಟ್ ಬೆಲ್ಟ್ ಅನ್ನುತ್ತಾರೆ. ಉಜ್ಜುವಿಕೆ ಕಮ್ಮಿ, ಸದ್ದು ಕಮ್ಮಿ, ಮೈಲೇಜ್ ಚೂರು ಜಾಸ್ತಿ ಅನ್ನುವುದು ಇದರ ಉದ್ದೇಶ. ತೊಡಕು ಏನೆಂದರೆ, ಬೆಲ್ಟಿನ ರಬ್ಬರ್‌ಗೆ ಹೊಂದುವಂಥ ಆಯಿಲ್ಲೇ ಬೇಕು. ಬೇರೆ ಗ್ರೇಡ್ ಹಾಕಿದರೆ, ಇಲ್ಲವೇ ಸರ್ವಿಸ್ ತಡ ಮಾಡಿ ಆಯಿಲ್ ಕೊಳಕಾದರೆ ರಬ್ಬರ್ ಉಬ್ಬಿ ಚೂರು ಚೂರಾಗಿ ಉದುರುತ್ತದೆ. ಆ ಚೂರು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ಮೇಲಕ್ಕೆ ಏರುವುದಿಲ್ಲ. ಬೆಲ್ಟ್ ತುಂಡಾಗುವ ಮೊದಲೇ ಇಂಜಿನ್ ಒಣಗಿ ಕಚ್ಚಿಕೊಳ್ಳಬಹುದು.

1.0 ಇಕೋಬೂಸ್ಟ್ ಬಗ್ಗೆ ನನಗೆ ಬೇಜಾರು ಇದೆ, ಯಾಕಂದರೆ ಓಡಿಸಲು ಅಷ್ಟು ಚೆಂದದ ಇಂಜಿನ್. 999 ಸಿಸಿಯಲ್ಲಿ 125 ಪಿಎಸ್. 2012, 2013, 2014 ಮೂರು ವರ್ಷ ಸತತವಾಗಿ ಜಗತ್ತಿನ "ವರ್ಷದ ಇಂಜಿನ್" ಪ್ರಶಸ್ತಿ ಗೆದ್ದಿತು. ಆದರೆ ಪ್ರಶಸ್ತಿ ಕೊಡುವವರು ಹೊಸ ಇಂಜಿನ್ ನೋಡುತ್ತಾರೆ, ನಾವು ಕೊಳ್ಳುವುದು ಹತ್ತು ವರ್ಷದ್ದು. 2023ರ ಕೊನೆಗೆ ಅಮೆರಿಕದಲ್ಲಿ ಈ ಇಂಜಿನ್ ಇದ್ದ ಸುಮಾರು 1,40,000 ಫೋಕಸ್ ಮತ್ತು ಇಕೋಸ್ಪೋರ್ಟ್‌ಗಳನ್ನು ಫೋರ್ಡ್ ವಾಪಸ್ ಕರೆಸಿತು. ಆಯಿಲ್ ಪಂಪ್ ತಿರುಗಿಸುವ ಬೆಲ್ಟ್ ಮತ್ತು ಟೆನ್ಷನರ್ ಸೋಲುವುದೇ ಕಾರಣ. ಅಮೆರಿಕಕ್ಕೆ ಹೋದ ಆ ಇಕೋಸ್ಪೋರ್ಟ್‌ಗಳು ತಯಾರಾದದ್ದು ನಮ್ಮ ಪಕ್ಕದ ಚೆನ್ನೈ ಪ್ಲಾಂಟ್‌ನಲ್ಲೇ. ಇದರ ಜೊತೆಗೆ ಕೂಲಂಟ್ ಸೋರುವ ದೂರು ಬೇರೆ ಇದೆ. ಸಣ್ಣ ಟರ್ಬೋ ಇಂಜಿನ್ ಆದ್ದರಿಂದ ಕೂಲಂಟ್ ಸ್ವಲ್ಪ ಇಳಿದರೂ ಬೇಗ ಬಿಸಿಯೇರುತ್ತದೆ, ಹೆಡ್ ಹೋಗುತ್ತದೆ. ಕಾರೆಂದರೆ ಹುಚ್ಚು ಇರುವವರು, ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡುವವರು ತಗೊಳ್ಳಿ. ಮನೆಗೆ ಇರುವುದು ಒಂದೇ ಗಾಡಿ ಅಂದರೆ ಬೇಡ.

ಡ್ರಾಗನ್ ಇಂಜಿನ್‌ಗಳಿಗೆ ಟರ್ಬೋ ಇಲ್ಲ, ಅಷ್ಟು ಒತ್ತಡವೂ ಇಲ್ಲ. ಇಕೋಸ್ಪೋರ್ಟ್‌ನಲ್ಲಿ 1.5, 123 ಪಿಎಸ್. ಫ್ರೀಸ್ಟೈಲ್, 2018ರ ಆಸ್ಪೈರ್ ಮತ್ತು 2019ರ ಫಿಗೋದಲ್ಲಿ 1.2, 96 ಪಿಎಸ್. ಮೊದಲಿನಿಂದ ಕೊನೆಯವರೆಗೆ ಸರಿಯಾದ ಆಯಿಲ್ ಹಾಕಿದ ಬಿಲ್‌ಗಳು ಇದ್ದರೆ ತಗೊಳ್ಳಿ. ಬ್ರೆಜಿಲ್‌ನಲ್ಲೂ ಇದೇ ಇಂಜಿನ್ ಕುಟುಂಬ, ಅಲ್ಲಿ ಬೆಲ್ಟಿನ ಆಯುಸ್ಸು 2,40,000 ಕಿಲೋಮೀಟರ್ ಇಲ್ಲವೇ 10 ವರ್ಷ ಅಂತ ಲೆಕ್ಕ. ಅಂದರೆ 2018ರ ಗಾಡಿ ಇನ್ನೇನು ಆ ವಯಸ್ಸಿಗೆ ಬರುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಬೆಲ್ಟ್ ಕಂಡರೆ ಅಂಚು ಬಿರುಕು ಬಿಟ್ಟಿದೆಯಾ, ಹಿಗ್ಗಿದೆಯಾ ಗಮನಿಸಿ. ಬಿಲ್ ಇಲ್ಲದ ಗಾಡಿಯಾದರೆ ಎಷ್ಟೇ ಹೊಳೆಯುತ್ತಿದ್ದರೂ ವಾಪಸ್ ಬನ್ನಿ.

ಇನ್ನು 2017ರವರೆಗಿನ ಇಕೋಸ್ಪೋರ್ಟ್ 1.5 ಪೆಟ್ರೋಲ್ ಮ್ಯಾನುವಲ್. ನಾಲ್ಕು ಸಿಲಿಂಡರ್, ಮಾಮೂಲಿ ಒಣ ಬೆಲ್ಟ್, 112 ಪಿಎಸ್. ಎಳೆತ ಸಪ್ಪೆ, ಪೇಟೆಯಲ್ಲಿ ಪೆಟ್ರೋಲ್ ಕುಡಿಯುತ್ತದೆ. ಆದರೆ ಸುಮ್ನೆ ಓಡುತ್ತದೆ. ಕಮ್ಮಿ ಓಡಾಟದ ಹಿರಿಯರಿಗೆ ಇದು ಒಳ್ಳೆಯ ಆಯ್ಕೆ. 2015-18ರ ಫಿಗೋ 1.2 ಪೆಟ್ರೋಲ್‌ಗೂ ಇದೇ ಮಾತು.

ಹಳೇ ಫಿಗೋ

2010ರಿಂದ 2015ರವರೆಗಿನ ಫಿಗೋ ಈಗ ತುಂಬಾ ಅಗ್ಗ. 1.4 ಡೀಸೆಲ್, 69 ಪಿಎಸ್, ಸರಳ ಇಂಜಿನ್. ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಓಡುತ್ತಿವೆ. ಹಿಂದಿನ ಆಕ್ಸಲ್ ಬೀಮ್ ಮತ್ತು ಪವರ್ ಸ್ಟೀರಿಂಗ್ ಹೋಸ್ ಸರಿಪಡಿಸಲು ಕಂಪನಿ ಫಿಗೋ ಮತ್ತು ಕ್ಲಾಸಿಕ್ ಸೇರಿ ಸುಮಾರು 1,66,000 ಗಾಡಿ ವಾಪಸ್ ಕರೆದಿತ್ತು. ನೀವು ನೋಡುವ ಗಾಡಿಗೆ ಆ ಕೆಲಸ ಆಗಿದೆಯಾ ವಿಚಾರಿಸಿ. ಇನ್ನೊಂದು ವಿಷಯ ಮನಸ್ಸಿಗೆ ಕಷ್ಟ ಆದರೂ ಹೇಳುತ್ತೇನೆ. ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಫಿಗೋಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್ ಬಂತು. ಬಾಡಿ ಗಟ್ಟಿಯಾಗಿ ನಿಂತಿತ್ತು, ಒಳಗಿನವರನ್ನು ಹಿಡಿಯಲು ಏರ್‌ಬ್ಯಾಗ್ ಇರಲಿಲ್ಲ. ಹಾಗಾಗಿ ಹಳೇ ಫಿಗೋ ತಗೊಳ್ಳುವುದಾದರೆ ಏರ್‌ಬ್ಯಾಗ್ ಇರುವ ಟೈಟಾನಿಯಂ ವೇರಿಯಂಟ್ ಹುಡುಕಿ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಎಂಡೆವರ್

ದೊಡ್ಡ ಬಜೆಟ್ ಇರುವವರು ಫೋರ್ಡ್‌ನ ಈ ದೊಡ್ಡ ಎಸ್‌ಯುವಿ ಮೇಲೆ ಕಣ್ಣು ಹಾಕುತ್ತಾರೆ. 2016ರಲ್ಲಿ ಬಂದ ಎಂಡೆವರ್‌ಗೆ ಎರಡು ಡೀಸೆಲ್: 2.2, 160 ಪಿಎಸ್. ಐದು ಸಿಲಿಂಡರಿನ 3.2, 200 ಪಿಎಸ್, ಎಳೆತ 470 ಎನ್‌ಎಂ. 800 ಮಿಲಿಮೀಟರ್ ಆಳದ ನೀರಿನಲ್ಲಿ ಇಳಿಯಬಹುದು. ಮಲೆನಾಡಿನ ಎಸ್ಟೇಟ್‌ಗಳಲ್ಲಿ ಇದನ್ನು ಮಗನ ಹಾಗೆ ಸಾಕಿಕೊಂಡವರನ್ನು ನೋಡಿದ್ದೇನೆ, ಮಾರಲು ಒಪ್ಪುವುದೇ ಇಲ್ಲ. 3.2 ನನ್ನ ಆಯ್ಕೆ. ಈ ಎರಡೂ ಇಂಜಿನ್‌ಗೆ ಟೈಮಿಂಗ್ ಚೈನ್ ಇದೆ, ಬೆಲ್ಟಿನ ಚಿಂತೆ ಇಲ್ಲ.

ಆದರೆ ಆಯಿಲ್ ಬದಲಿಸುವಾಗ ಒಂದು ಎಚ್ಚರ ಬೇಕೇ ಬೇಕು. ಹಳೇ ಆಯಿಲ್ ಪೂರ್ತಿ ಸೋರಲಿ ಅಂತ ಗಾಡಿಯನ್ನು ಗಂಟೆಗಟ್ಟಲೆ ಹಾಗೇ ಬಿಡಬಾರದು. ಆಯಿಲ್ ಪಂಪ್ ಒಣಗಿದರೆ ಸ್ಟಾರ್ಟ್ ಮಾಡಿದಾಗ ಅದು ಆಯಿಲ್ ಎಳೆಯದೇ ಹೋಗಬಹುದು. ಹತ್ತು ನಿಮಿಷದೊಳಗೆ ಹೊಸ ಆಯಿಲ್ ತುಂಬಬೇಕು. ಆಸ್ಟ್ರೇಲಿಯಾದಲ್ಲಿ ಇದೇ ಇಂಜಿನ್ ಇರುವ ರೇಂಜರ್ ಪಿಕಪ್‌ಗಳಲ್ಲಿ ಹೀಗೆ ಇಂಜಿನ್ ಕಳೆದುಕೊಂಡವರು ಇದ್ದಾರೆ. ಎಲ್ಲ ಮೆಕ್ಯಾನಿಕ್‌ಗೂ ಇದು ಗೊತ್ತಿರುವುದಿಲ್ಲ, ನೀವೇ ಪಕ್ಕದಲ್ಲಿ ನಿಂತು ಹೇಳಿ.

2020ರ ನಂತರದ 2.0 ಎಂಡೆವರ್‌ಗೆ ಹತ್ತು ಗೇರಿನ ಆಟೋಮ್ಯಾಟಿಕ್, ಮತ್ತೆ ಆಯಿಲ್‌ನಲ್ಲಿ ಓಡುವ ಬೆಲ್ಟ್. ಓಡಿಸಲು ನಯ. ನನ್ನ ಅಳತೆಗೋಲಿಗೆ ಮಾತ್ರ ಕೂರುವುದಿಲ್ಲ.

ಅಂದಹಾಗೆ, ಷೆವರ್ಲೆ ಬಗ್ಗೆಯೂ ಕೇಳುತ್ತಾರೆ. ಜನರಲ್ ಮೋಟಾರ್ಸ್ ಇಲ್ಲಿ 2017ರ ಕೊನೆಗೇ ಮಾರಾಟ ನಿಲ್ಲಿಸಿತು, ಹಾಗಾಗಿ ಪಾರ್ಟ್ಸ್ ಕಷ್ಟ ಫೋರ್ಡ್‌ಗಿಂತ ಜಾಸ್ತಿ. ತಗೊಳ್ಳಲೇಬೇಕು ಅಂದರೆ ಸೇಲ್ ಅಥವಾ ಎಂಜಾಯ್‌ನ 1.3 ಡೀಸೆಲ್ ನೋಡಿ. ಸ್ವಿಫ್ಟ್ ಡೀಸೆಲ್‌ನಲ್ಲಿ ಇದ್ದ ಫಿಯಟ್ ಮಲ್ಟಿಜೆಟ್ ಕುಟುಂಬದ್ದೇ ಇಂಜಿನ್ ಅದು, ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ.

ನೋಡಲು ಹೋದಾಗ

ಮಾರುವವರಿಗೆ ಮೊದಲೇ ಹೇಳಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಒಮ್ಮೆ ನಾನು ಮೈಸೂರಿಗೆ ಒಂದು ಗಾಡಿ ನೋಡಲು ಹೋದಾಗ ಬಾನೆಟ್ ಮುಟ್ಟಿದರೆ ಸುಡುತ್ತಿತ್ತು. "ಈಗಷ್ಟೇ ತೊಳೆಸಿಕೊಂಡು ಬಂದೆ" ಅಂದರು. ಟೀ ಕುಡಿದು, ಎರಡು ಗಂಟೆ ಕಾದು, ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿದೆ. ನೀಲಿ ಹೊಗೆ ಬಂತು. ಆ ಎರಡು ಗಂಟೆ ನನಗೆ ಲಕ್ಷ ರೂಪಾಯಿ ಉಳಿಸಿತು.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಸದ್ದು ಕೇಳಿ. ಇಕೋಸ್ಪೋರ್ಟ್ ಆದರೆ ಹಿಂದಿನ ಬಾಗಿಲು ನಾಲ್ಕೈದು ಸಲ ತೆಗೆದು ಹಾಕಿ. ಸ್ಟೆಪ್ನಿ ಭಾರ ಅದರ ಮೇಲೆಯೇ ಇರುವುದರಿಂದ ಹಿಂಜ್ ಜೋತಿದ್ದರೆ ಗೊತ್ತಾಗುತ್ತದೆ. ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ನಿಮ್ಮ ಮನೆ ಪಾರ್ಕಿಂಗ್‌ನಲ್ಲಿ ಹಿಂದೆ ಅಷ್ಟು ಜಾಗ ಇದೆಯಾ ಅಂತಲೂ ಯೋಚಿಸಿ. ವಿಐಎನ್ ನಂಬರ್ (ಗಾಡಿಯ ಚಾಸಿ ನಂಬರ್) ಬರೆದುಕೊಂಡು ರೀಕಾಲ್ ಕೆಲಸ, ಅಂದರೆ ಕಂಪನಿ ವಾಪಸ್ ಕರೆಸಿ ಮಾಡುವ ರಿಪೇರಿ, ಬಾಕಿ ಇದೆಯಾ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. 2016ರಲ್ಲಿ ಸುಮಾರು 42,300 ಫಿಗೋ, ಆಸ್ಪೈರ್‌ಗಳನ್ನು ಏರ್‌ಬ್ಯಾಗ್ ಸಾಫ್ಟ್‌ವೇರ್ ಸರಿಪಡಿಸಲು ಕರೆದಿದ್ದರು.

ದೆಹಲಿಯಿಂದ ಬಂದ ಡೀಸೆಲ್‌ಗಳು ಬೆಲೆಯಲ್ಲಿ ಆಸೆ ಹುಟ್ಟಿಸುತ್ತವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ಕಡಿವಾಣ ಬಿದ್ದದ್ದರಿಂದ ಅಗ್ಗಕ್ಕೆ ಮಾರಿದರು. ಆದರೆ ಇಲ್ಲಿಗೆ ತಂದರೆ ಎನ್‌ಒಸಿ, ಹೊಸ ನಂಬರ್, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲ ಸೇರುತ್ತದೆ. ಆ ಮೊತ್ತ ಆರ್‌ಟಿಒದಲ್ಲಿ ಕೇಳಿ, ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ. ನಾನು ಕೆಎ ನಂಬರಿನ ಗಾಡಿಗೇ ಸ್ವಲ್ಪ ಜಾಸ್ತಿ ಕೊಡುತ್ತೇನೆ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ. ನಿಮ್ಮ ಊರಿನಲ್ಲಿ ಫೋರ್ಡ್ ಮುಟ್ಟುವ ಮೆಕ್ಯಾನಿಕ್ ಯಾರು ಅಂತ ಹುಡುಕಿ, ಹೋಗಿ ಮಾತಾಡಿಸಿ. ಈ ಇಂಜಿನ್‌ನ ಬೆಲ್ಟ್ ಎಷ್ಟು ಸಲ ಬದಲಿಸಿದ್ದೀರಿ ಅಂತ ಕೇಳಿ. ಅವರೇ ಗಾಡಿ ನೋಡಲು ಬಂದರೆ ಇನ್ನೂ ಒಳ್ಳೆಯದು, ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ.

ಚಿಕ್ಕಪ್ಪನ ಮಗ ಆರ್‌ಸಿ ಮತ್ತು ಗಾಡಿಯ ಒಳಗಿನ ಫೋಟೋ ಕಳಿಸಿದ. ಅವನು ನೋಡಿದ್ದ ಬಿಳಿ ಇಕೋಸ್ಪೋರ್ಟ್ 2014ರ ಪೆಟ್ರೋಲ್, ಗೇರ್ ಲಿವರ್ ನೋಡಿದರೆ ಪವರ್‌ಶಿಫ್ಟ್ ಆಟೋಮ್ಯಾಟಿಕ್. ಬೇಡ ಅಂದೆ. ಎರಡು ವಾರ ಹುಡುಕಿ ಈಗ ಭದ್ರಾವತಿಯಲ್ಲಿ 2017ರ ಡೀಸೆಲ್ ಮ್ಯಾನುವಲ್ ಒಂದನ್ನು ಹಿಡಿದಿದ್ದಾನೆ. ಬಂಪರ್ ಮೇಲೆ ಗೀರು ಇದೆ, ಬಣ್ಣ ಅವನಿಗೆ ಇಷ್ಟ ಇಲ್ಲದ ಕಂದು. ಆದರೆ ಮೊದಲ ಸರ್ವಿಸ್‌ನಿಂದ ಕಳೆದ ವರ್ಷದವರೆಗಿನ ಬಿಲ್‌ಗಳೆಲ್ಲ ಒಂದು ಫೈಲ್‌ನಲ್ಲಿ ಇವೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನೋಡಲು ಹೋಗುತ್ತಿದ್ದೇವೆ. ಅಷ್ಟು ಹೊತ್ತಿಗೆ ಇಂಜಿನ್ ಇನ್ನೂ ತಣ್ಣಗಿರುತ್ತದೆ.